ವೆಸ್ಟ್‌ಲ್ಯಾಂಡ್ಸ್ ಪತ್ರ – 23: ಗುಡ್ಡ ಹತ್ತುವವರು ಗುಡ್ಡ ಓಡಲು ಕಲಿತದ್ದು

ಹೋದ ವಾರ ಎನ್‌ಗಾಂಗ್ ಗುಡ್ಡದ ಫೋಟೋ ಹಾಕಿದ್ದೇ ಹಾಕಿದ್ದು, ಇನ್‌ಬಾಕ್ಸ್ ತುಂಬಿ ಹೋಗಿದೆ. ಹೆಚ್ಚಿನವರದು ಒಂದೇ ಪ್ರಶ್ನೆ. "ಅಕ್ಕಾ, ಗುಡ್ಡ ಹತ್ತೋದು ಚಿಕ್ಕಂದಿನಿಂದ ಗೊತ್ತು. ಓಡೋದು ಗೊತ್ತಿಲ್ಲ. ನಲವತ್ತು ದಾಟಿದೆ. ಈಗ ಶುರು ಮಾಡಬಹುದಾ?" ಕೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮ ಕಸುಬಿನವರೇ. ಮಸ್ಕತ್, ಡಬ್ಲಿನ್, ರಿಯಾದ್ ಕಡೆ ನೈಟ್ ಡ್ಯೂಟಿ ಮಾಡುತ್ತಿರುವ ತಂಗಿಯರು.

ಮಾಡಬಹುದು. ಅದಕ್ಕೆ ಟ್ರೇನಿಂಗ್ ಚಾರ್ಟ್ ಕೊಡಿ ಅಂತಲೂ ಕೆಲವರು ಕೇಳಿದ್ದೀರಿ. ಚಾರ್ಟು ಗೂಗಲ್‌ನಲ್ಲಿ ಸಾವಿರ ಸಿಗುತ್ತವೆ. ನಾನು ಈ ಆಟ ಎಲ್ಲಿಂದ ಬಂತು ಅನ್ನುವ ಕಥೆ ಹೇಳುತ್ತೇನೆ. ಅದನ್ನು ಓದಿದರೆ ಹೇಗೆ ಶುರು ಮಾಡಬೇಕು ಅನ್ನುವುದು ಮುಕ್ಕಾಲು ಭಾಗ ಗೊತ್ತಾಗುತ್ತದೆ. ಸ್ವಲ್ಪ ಉದ್ದ ಇದೆ, ಟೀ ಇಟ್ಟುಕೊಂಡು ಕೂತುಕೊಳ್ಳಿ.

ಇಂಗ್ಲಿಷಿನವರು ಇದಕ್ಕೆ ಫೆಲ್ ರನ್ನಿಂಗ್ ಅನ್ನುತ್ತಾರೆ. ಫೆಲ್ ಅಂದರೆ ಉತ್ತರ ಇಂಗ್ಲೆಂಡಿನ ಬೋಳುಗುಡ್ಡ. ಹಳೆಯ ನಾರ್ಸ್ ಭಾಷೆಯಿಂದ ಬಂದ ಪದ. ಊರಿನ ಕಲ್ಲುಗೋಡೆಯ ಆಚೆ, ಕುರಿ ಮೇಯಲು ಬಿಡುವ ಹುಲ್ಲುಗುಡ್ಡ. ನಮ್ಮ ಮಲೆನಾಡಿನವರಿಗೆ ಬ್ಯಾಣ ಅಂದರೆ ಥಟ್ಟನೆ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ದಾರಿ ಅನ್ನುವುದು ಇರುವುದಿಲ್ಲ. ಹುಲ್ಲು, ಕಲ್ಲು, ಕೆಸರು, ಮಂಜು. ತುದಿ ಮುಟ್ಟಬೇಕು, ಇಳಿಯಬೇಕು. ಎಲ್ಲಿಂದ ಹತ್ತುತ್ತೀಯೋ ಎಲ್ಲಿಂದ ಇಳಿಯುತ್ತೀಯೋ ನಿನಗೆ ಬಿಟ್ಟದ್ದು.

ಇದನ್ನು ಯಾವನೋ ಸಾಹೇಬ ಬೇಜಾರಿಗೆ ಶುರು ಮಾಡಿದ ಆಟ ಅಂದುಕೊಳ್ಳಬೇಡಿ. ಗುಡ್ಡದ ಮೇಲೆ ಮೊದಲು ಓಡಿದವರು ಹೊಟ್ಟೆಪಾಡಿಗೆ ಓಡಿದವರು. ನಮ್ಮಲ್ಲೇ ನೋಡಿ, ಚಿಕ್ಕದೇವರಾಜ ಒಡೆಯರು 1672ರಲ್ಲಿ ಮೈಸೂರು ಅಂಚೆ ಶುರು ಮಾಡಿದರು. ಬ್ರಿಟಿಷರ ಅಂಚೆಯಲ್ಲಿ ಅದು ಸೇರಿಹೋದದ್ದು 1889ರಲ್ಲಿ. ಎರಡು ಶತಮಾನಕ್ಕೂ ಹೆಚ್ಚು ಕಾಲ ಗೆಜ್ಜೆ ಕಟ್ಟಿದ ಕೋಲು ಹಿಡಿದು, ಹೆಗಲಿಗೆ ಚೀಲ ಹಾಕಿಕೊಂಡು ಕಾಡು ಗುಡ್ಡ ದಾಟಿದವರು ಅಂಚೆಯ ಓಟಗಾರರು. ಅವರ ಟೈಮಿಂಗ್ ಯಾರೂ ಬರೆದಿಡಲಿಲ್ಲ, ಪದಕ ಕೊಡಲಿಲ್ಲ. ಹೆಸರು ಕೂಡ ಉಳಿಯಲಿಲ್ಲ. ಸ್ಕಾಟ್ಲೆಂಡಿನಲ್ಲಿ ಬರೆದಿಟ್ಟರು, ಅಷ್ಟೇ ವ್ಯತ್ಯಾಸ.

ಬರೆದಿಟ್ಟ ಮೊದಲ ಟೈಮ್‌ಗಳಲ್ಲಿ ಒಂದು ಒಬ್ಬ ಕ್ಷೌರಿಕನದು. ವಿಲಿಯಂ ಸ್ವಾನ್, ಫೋರ್ಟ್ ವಿಲಿಯಂ ಊರಿನವನು. 1895ರಲ್ಲಿ ಪೇಟೆಯ ಅಂಚೆ ಕಚೇರಿಯಿಂದ ಹೊರಟು ಬೆನ್ ನೆವಿಸ್ ತುದಿ ಮುಟ್ಟಿ ವಾಪಸ್ ಬಂದ. 2 ಗಂಟೆ 41 ನಿಮಿಷ. ಬೆನ್ ನೆವಿಸ್ ಬ್ರಿಟನ್ನಿನ ಅತಿ ಎತ್ತರದ ಬೆಟ್ಟ, 1,345 ಮೀಟರ್. ಆಗ ಅದರ ತುದಿಯಲ್ಲಿ ಹವಾಮಾನ ವೀಕ್ಷಣಾಲಯ ಇತ್ತು. ಅಲ್ಲಿಗೆ ಸಾಮಾನು ಹೊರುವ ಕುದುರೆಗಳಿಗೆ ಮಾಡಿದ ದಾರಿಯೇ ಈ ಓಟಗಾರರಿಗೂ ದಾರಿಯಾಯಿತು. ಮೂರು ವರ್ಷದ ನಂತರ, 1898ರಲ್ಲಿ, ಸರಿಯಾದ ಪಂದ್ಯ ನಡೆದಾಗ ಗೆದ್ದವನು ಹ್ಯೂ ಕೆನೆಡಿ, ಬೇಟೆಕಾಡು ಕಾಯುವ ಕೆಲಸದವನು. ಲೇಕ್ ಡಿಸ್ಟ್ರಿಕ್ಟಿನ ಗ್ರಾಸ್ಮಿಯರ್ ಜಾತ್ರೆಯಲ್ಲಿ ಹತ್ತೊಂಬತ್ತನೇ ಶತಮಾನದಿಂದ ನಡೆಯುತ್ತಿರುವ ಓಟದ ಹೆಸರೇ 'ಗೈಡ್ಸ್ ರೇಸ್'. ಪ್ರವಾಸಿಗಳನ್ನು ಬೆಟ್ಟ ಹತ್ತಿಸುವ ಗೈಡುಗಳು ದುಡ್ಡಿಗಾಗಿ ಓಡುತ್ತಿದ್ದ ಪಂದ್ಯ. ದುಡ್ಡು ಮುಟ್ಟಿದವನನ್ನು ಮಾತ್ರ ಅಮೆಚೂರ್ ಕ್ರೀಡಾ ಸಂಸ್ಥೆಯವರು ಒಳಗೆ ಸೇರಿಸುತ್ತಿರಲಿಲ್ಲ. ಕೂಲಿಗೆ ಬೆಟ್ಟ ಹತ್ತುವವನು ಒಂದು ಜಾತಿ, ಖುಷಿಗೆ ಹತ್ತುವವನು ಇನ್ನೊಂದು ಜಾತಿ. ಈ ಮಡಿ ಮೈಲಿಗೆ ಅಲ್ಲೂ ಇತ್ತು ಅಂತ ಓದಿದಾಗ ನನಗೇನೂ ಆಶ್ಚರ್ಯ ಆಗಲಿಲ್ಲ.

ಅದೇ ಕಾಲಕ್ಕೆ, 1892ರಲ್ಲಿ, ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಚಾರಣಿಗ ಒಂದು ಲೆಕ್ಕ ಬರೆದಿಟ್ಟ. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ನಮ್ಮ ಲೆಕ್ಕಕ್ಕೆ ತಂದರೆ 5 ಕಿ.ಮೀ.ಗೆ ಒಂದು ಗಂಟೆ, 10 ಮೀಟರ್ ಏರಿಗೆ ಒಂದು ನಿಮಿಷ. 10 ಕಿ.ಮೀ. ದಾರಿ, ಒಟ್ಟು 600 ಮೀಟರ್ ಏರು ಇದ್ದರೆ ಮೂರು ಗಂಟೆ. ನೂರಮೂವತ್ತು ವರ್ಷ ಹಳೆಯ ಈ ಲೆಕ್ಕ ಇವತ್ತಿಗೂ ಚಾಲ್ತಿಯಲ್ಲಿದೆ. ಓಟ ಶುರು ಮಾಡುವವರಿಗೆ ನನ್ನ ಮೊದಲ ಮಾತು ಇದೇ. ಒಂದು ಗುಡ್ಡ ಆರಿಸಿಕೊಳ್ಳಿ, ನೈಸ್ಮಿತ್ ಲೆಕ್ಕದ ಸಮಯದಲ್ಲಿ ಅದನ್ನು ನಡೆದು ಮುಗಿಸಿ. ಮರುದಿನ ಡ್ಯೂಟಿಯಲ್ಲಿ ಮಾಮೂಲಿನಂತೆ ನಿಲ್ಲಲು ಆಗಬೇಕು. ಅಲ್ಲಿಯವರೆಗೆ ಓಟದ ಶೂಗೆ ದುಡ್ಡು ಹಾಕಬೇಡಿ.

ಈಗ ನಲವತ್ತು ದಾಟಿದವರು ಗಮನವಿಟ್ಟು ಓದಿ. ಬಾಬ್ ಗ್ರಹಾಂ ಎಂಬಾತ ಕೆಸ್ವಿಕ್ ಪೇಟೆಯಲ್ಲಿ ಗೆಸ್ಟ್ ಹೌಸ್ ನಡೆಸುತ್ತಿದ್ದ. 1932ರ ಜೂನ್‌ನಲ್ಲಿ ಅವನಿಗೆ ನಲವತ್ತು ದಾಟಿತ್ತು. 42 ಶಿಖರಗಳನ್ನು 24 ಗಂಟೆಯೊಳಗೆ ಮುಟ್ಟಿ ಬಂದ. ಹಾಕಿಕೊಂಡಿದ್ದು ಟೆನಿಸ್ ಶೂ, ತಿಂದಿದ್ದು ಬ್ರೆಡ್ಡು ಬೆಣ್ಣೆ, ಬೇಯಿಸಿದ ಮೊಟ್ಟೆ, ಹಣ್ಣು, ಮಿಠಾಯಿ ಅನ್ನುತ್ತಾರೆ. ಜೆಲ್ ಇಲ್ಲ, ವಾಚಿಲ್ಲ. ಅವನ ಗುಟ್ಟು ಬೇರೆ ಇತ್ತು. ಆ ಬೆಟ್ಟಗಳನ್ನೆಲ್ಲ ಅವನು ಮೊದಲು ನಡೆದು ನಡೆದು ಕಲಿತಿದ್ದ. ಯಾವ ಕಲ್ಲು ಅಲುಗುತ್ತದೆ, ಎಲ್ಲಿ ಕೆಸರು, ಎಲ್ಲಿ ನೀರು, ಎಲ್ಲಾ ಕಾಲಿಗೆ ಗೊತ್ತಿತ್ತು. ಅವನ ನಂತರ ಅದೇ ಸುತ್ತನ್ನು 24 ಗಂಟೆಯೊಳಗೆ ಮುಗಿಸಲು ಇನ್ನೊಬ್ಬನಿಗೆ ಆದದ್ದು 1960ರಲ್ಲಿ.

1952ರಲ್ಲಿ ಯೂತ್ ಹಾಸ್ಟೆಲ್ ಸಂಘದವರು ತಮ್ಮ ಚಾರಣಿಗರಿಗಾಗಿ ಲೇಕ್ ಡಿಸ್ಟ್ರಿಕ್ಟ್ ಮೌಂಟನ್ ಟ್ರಯಲ್ ಶುರು ಮಾಡಿದರು. ನಡೆಯುವವರ ಪಂದ್ಯ ನಿಧಾನಕ್ಕೆ ಓಡುವವರ ಪಂದ್ಯ ಆಯಿತು. 1960ರಲ್ಲಿ ಅದು ವಾಸ್ಡೇಲ್ ಕಣಿವೆಗೆ ಬಂದಾಗ ಅಲ್ಲಿನ ಕುರಿ ಸಾಕುವವನೊಬ್ಬ ಕೆಲಸದ ಬೂಟು ಹಾಕಿಕೊಂಡೇ, ಪ್ಯಾಂಟನ್ನು ಮೊಣಕಾಲಿಗೆ ಕತ್ತರಿಸಿಕೊಂಡು ಬಂದು ನಿಂತ. ಅವನೇ ಜಾಸ್ ನೇಲರ್. ನಮ್ಮ ಆರ್ಥೋ ವಾರ್ಡಿನವರು ಇವನ ಕೇಸ್ ಶೀಟ್ ನೋಡಿದರೆ ಮನೆಯಲ್ಲಿ ಕೂರು ಅನ್ನುತ್ತಿದ್ದರು. ಹದಿಹರೆಯದಲ್ಲೇ ಮೊಣಕಾಲಿನ ಕಾರ್ಟಿಲೇಜ್ ತೆಗೆದಿದ್ದರು, ಆಮೇಲೆ ಬೆನ್ನಿನ ಎರಡು ಡಿಸ್ಕ್ ತೆಗೆದಿದ್ದರು. ಅಂಥವನು 1975ರಲ್ಲಿ 72 ಶಿಖರಗಳನ್ನು 24 ಗಂಟೆಯೊಳಗೆ ಮುಗಿಸಿದ. 2006ರಲ್ಲಿ, ಎಪ್ಪತ್ತು ವಯಸ್ಸಿಗೆ, 70 ಶಿಖರ. 2024ರ ಜೂನ್‌ನಲ್ಲಿ ತೀರಿಕೊಂಡಾಗ 88 ವರ್ಷ. ಡಿಸ್ಕ್ ಸಮಸ್ಯೆ ಇರುವವರೆಲ್ಲ ಓಡಿ ಅಂತ ನಾನು ಹೇಳುತ್ತಿಲ್ಲ ಮತ್ತೆ, ಕಾಮೆಂಟಿನಲ್ಲಿ ಜಗಳ ಬೇಡ. ಅವನ ದೇಹಕ್ಕೆ ಬುನಾದಿ ಹಾಕಿದ್ದು ಕುರಿಗಳ ಹಿಂದೆ ದಿನವೂ ಮಾಡಿದ ಏರಿಳಿತ. ಓಟ ಅದರ ಮೇಲೆ ಕೂತದ್ದು.

ಏರಿನಲ್ಲಿ ಇವರು ಓಡುವುದೂ ಕಡಿಮೆ, ಇದು ಹೊಸಬರಿಗೆ ಗೊತ್ತಿರುವುದಿಲ್ಲ. ಕಡಿದಾದಲ್ಲಿ ಎರಡೂ ಕೈ ತೊಡೆಯ ಮೇಲೆ ಊರಿ, ಮುಂದಕ್ಕೆ ಬಾಗಿ, ಸಣ್ಣ ಹೆಜ್ಜೆ ಹಾಕಿ ನಡೆಯುತ್ತಾರೆ. ಅಡಿಕೆ ಮೂಟೆ ಹೊತ್ತು ದರೆ ಹತ್ತುವವರ ಹೆಜ್ಜೆ ಹಾಗೇ ಅಲ್ಲವೇ. ದೀಪಾವಳಿಗೆ ಚಿಕ್ಕಮಗಳೂರಿನ ದೇವೀರಮ್ಮನ ಬೆಟ್ಟಕ್ಕೆ ಕತ್ತಲಲ್ಲಿ ಬರಿಗಾಲಲ್ಲಿ ಹತ್ತುವ ಹೆಂಗಸರನ್ನು ನೋಡಿ. ಮಾತು ನಿಲ್ಲುವುದಿಲ್ಲ, ಉಸಿರು ಕಟ್ಟುವುದಿಲ್ಲ, ಹೆಜ್ಜೆ ತಪ್ಪುವುದಿಲ್ಲ. ಯಾವ ಕೋಚೂ ಇದಕ್ಕಿಂತ ಒಳ್ಳೆಯ ಏರು ನಡಿಗೆ ಕಲಿಸುವುದಿಲ್ಲ. ಏರಿನಲ್ಲಿ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಆಡಲು ಆಗದಿದ್ದರೆ ನೀವು ಜೋರಾಗಿ ಹೋಗುತ್ತಿದ್ದೀರಿ ಅಂತ ಅರ್ಥ.

ಮೈ ಮುರಿಯುವುದು ಇಳಿಜಾರು. ಇದನ್ನು ನರ್ಸ್ ಆಗಿ ಹೇಳುತ್ತೇನೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಆಗ ಅದರ ಎಳೆಗಳಿಗೆ ಸಣ್ಣ ಸಣ್ಣ ಗಾಯ ಆಗುತ್ತದೆ. ನೋವು ಅವತ್ತು ಬರುವುದಿಲ್ಲ, ಮರುದಿನ ಅಥವಾ ಅದರ ಮರುದಿನ ಮೆಟ್ಟಿಲು ಇಳಿಯುವಾಗ ಅಮ್ಮಾ ಅನ್ನಿಸುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ಸ್ವಲ್ಪವೇ ಸ್ವಲ್ಪ ಇಳಿಜಾರು ಓಡಿ ವಾಸಿಯಾಗಲು ಬಿಟ್ಟರೆ, ಮುಂದಿನ ಕೆಲವು ವಾರ ಆ ಸ್ನಾಯುವಿಗೆ ಅಷ್ಟು ಪೆಟ್ಟಾಗುವುದಿಲ್ಲ. ಹಾಗಾಗಿ ಮೊದಲ ತಿಂಗಳು ಏರು ನಡೆಯಿರಿ, ಸಮತಟ್ಟಿನಲ್ಲಿ ಓಡಿ, ಇಳಿಜಾರಿನಲ್ಲಿ ಐದೇ ನಿಮಿಷ ಸಣ್ಣ ಹೆಜ್ಜೆಯಲ್ಲಿ ಓಡಿ ಉಳಿದದ್ದು ನಡೆದು ಇಳಿಯಿರಿ. ಇಳಿಯುವ ಓಟ ಎಲ್ಲಕ್ಕಿಂತ ಕೊನೆಗೆ. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಇಳಿಜಾರು ಓಡಲೇಬೇಡಿ, ನಿದ್ದೆಗೆಟ್ಟ ಕಣ್ಣಿಗೆ ಕಲ್ಲು ಕಾಣುವುದಿಲ್ಲ. ಓಡಿದ ಮೇಲೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಯೋಚನೆ ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

ಇನ್ನು ನಾವಿರುವ ಊರಿಗೆ ಬರೋಣ. ನೈರೋಬಿ ಸುಮಾರು 1,700ರಿಂದ 1,800 ಮೀಟರ್ ಎತ್ತರದಲ್ಲಿದೆ. ಅಂದರೆ ವೆಸ್ಟ್‌ಲ್ಯಾಂಡ್ಸ್‌ನ ಅಪಾರ್ಟ್‌ಮೆಂಟಿನಲ್ಲಿ ಅನ್ನಕ್ಕೆ ಇಡುವಾಗಲೇ ನಾವು ಬೆನ್ ನೆವಿಸ್‌ಗಿಂತ ಮೇಲಿದ್ದೇವೆ, ಹೆಚ್ಚುಕಮ್ಮಿ ಕುಮಾರ ಪರ್ವತದ ತುದಿಯಷ್ಟು ಎತ್ತರಕ್ಕೆ. ಊರಿಂದ ಹೊಸದಾಗಿ ಬಂದವರಿಗೆ ಮೂರನೇ ಮಹಡಿಗೆ ಏದುಸಿರು ಬರುವುದು ಇದಕ್ಕೇ. ಓಡಲು ಶುರು ಮಾಡುವ ಮುಂಚೆ ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ಮಾಡಿಸಿ. ಈ ಎತ್ತರದಲ್ಲಿ ಮೈ ಹೆಚ್ಚು ರಕ್ತ ಮಾಡಲು ನೋಡುತ್ತದೆ, ಕಬ್ಬಿಣ ಇಲ್ಲದಿದ್ದರೆ ಎಲ್ಲಿಂದ ಮಾಡೀತು?

ಇಲ್ಲಿನ ಬೆಟ್ಟದ ಇತಿಹಾಸದಲ್ಲೂ ಹೆಸರಿಲ್ಲದವರೇ ಹೆಚ್ಚು. ಮೌಂಟ್ ಕೆನ್ಯಾವನ್ನು ಕಿಕುಯು ಜನ ಕಿರಿನ್ಯಾಗಾ ಅನ್ನುತ್ತಾರೆ, ಅವರ ದೇವರು ಎನ್‌ಗಾಯ್ ಇರುವ ಜಾಗ. ಅದರ ಅತಿ ಎತ್ತರದ ತುದಿ ಬಾಟಿಯಾನ್ 5,199 ಮೀಟರ್. 1899ರ ಸೆಪ್ಟೆಂಬರ್‌ನಲ್ಲಿ ಹ್ಯಾಲ್ಫೋರ್ಡ್ ಮೆಕಿಂಡರ್ ಇಬ್ಬರು ಆಲ್ಪ್ಸ್ ಗೈಡುಗಳ ಜೊತೆ ಅದನ್ನು ಹತ್ತಿದ ಅಂತ ಪುಸ್ತಕಗಳು ಹೇಳುತ್ತವೆ. ಅವನ ತಂಡದಲ್ಲಿ ಸುಮಾರು 170 ಜನ ಇದ್ದರು, ಬಹುಪಾಲು ಸ್ವಾಹಿಲಿ ಮತ್ತು ಕಿಕುಯು ಹೊರೆಯಾಳುಗಳು. ಅವನು ಮೊಂಬಾಸಾದಿಂದ ಬಂದ ರೈಲು ಹಳಿ ನೈರೋಬಿ ಮುಟ್ಟಿ ಆಗಿನ್ನೂ ಕೆಲವೇ ತಿಂಗಳಾಗಿತ್ತು. ಆ ಹಳಿ ಹಾಸಲು ಸುಮಾರು 32,000 ಭಾರತೀಯರನ್ನು ಕರೆತಂದಿದ್ದರು, ಸುಮಾರು 2,500 ಜನ ಇಲ್ಲೇ ಸತ್ತರು. ಸಾಹೇಬನ ಒಂದು ಶಿಖರದ ಕೆಳಗೆ ಎಷ್ಟು ಜನರ ಹೆಗಲು ಇದೆ ನೋಡಿ.

ಕೆನ್ಯಾದವರು ಓಟದಲ್ಲಿ ಜಗತ್ತಿಗೇ ಗೊತ್ತಾದದ್ದು 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ. ಕಿಪ್ ಕೇನೋ, ನಾಫ್ಟಾಲಿ ಟೆಮು, ಅಮೋಸ್ ಬಿವೊಟ್, ಮೂರು ಚಿನ್ನ. ಆಮೇಲೆ ವಿಶ್ವ ಕ್ರಾಸ್ ಕಂಟ್ರಿಯಲ್ಲಿ 1986ರಿಂದ 2003ರವರೆಗೆ ಗಂಡಸರ ತಂಡ ಸತತ 18 ವರ್ಷ ಗೆದ್ದಿತು. ಇವರ ತಾಲೀಮಿನಲ್ಲಿ ಏರಿಗೆ ದೊಡ್ಡ ಜಾಗ ಇದೆ. ಕೆರಿಯೊ ಕಣಿವೆಯ ತಳದಿಂದ ಮೇಲಕ್ಕೆ 21 ಕಿ.ಮೀ. ಉದ್ದಕ್ಕೂ ಏರುವ ಫ್ಲೋರ್‌ಸ್ಪಾರ್ ದಾರಿ ಓಟಗಾರರಲ್ಲಿ ಹೆಸರುವಾಸಿ. ಸಾವಿರ ಮೀಟರಿಗೂ ಹೆಚ್ಚು ಏರು. ಆದರೆ ಅವರ ಉದ್ದ ಓಟದ ಮೊದಲ ಇಪ್ಪತ್ತು ನಿಮಿಷ ನೋಡಿದರೆ ನೀವೂ ಜೊತೆಗೆ ಹೋಗಬಹುದು ಅನ್ನಿಸುತ್ತದೆ, ಅಷ್ಟು ನಿಧಾನ. ನಮ್ಮವರು ಗೇಟಿನಿಂದಲೇ ಬಾಣ ಬಿಟ್ಟ ಹಾಗೆ ಹೊರಟು ಮೊದಲ ತಿರುವಿನಲ್ಲಿ ಸೊಂಟ ಹಿಡಿದು ನಿಲ್ಲುತ್ತಾರೆ. ಇಲ್ಲಿನ ಗೈಡುಗಳು ಹೇಳುವ 'ಪೋಲೆ ಪೋಲೆ' ನೆನಪಿಟ್ಟುಕೊಳ್ಳಿ. ನಿಧಾನ, ನಿಧಾನ.

ಬೆಟ್ಟದ ಓಟದಲ್ಲಿ ಹೆಣ್ಣುಮಕ್ಕಳ ಕಥೆಗೆ ಇನ್ನೂ ಸ್ವಲ್ಪ ಜಾಗ ಬೇಕು. 1955ರಲ್ಲಿ ಕ್ಯಾಥ್ಲೀನ್ ಕೊನೊಚಿ ಎಂಬ 16 ವರ್ಷದ ಹುಡುಗಿ ಬೆನ್ ನೆವಿಸ್ ಓಡಿದಳು. ಹೆಣ್ಣಿನಿಂದ ಆಗದು ಅಂತ ಅವಳನ್ನು ಅಧಿಕೃತವಾಗಿ ಸೇರಿಸಿಕೊಳ್ಳಲಿಲ್ಲ. ಅವಳು ಮೂರು ಗಂಟೆ ಚಿಲ್ಲರೆಯಲ್ಲಿ ಮುಗಿಸಿ ಬಂದಳು. 2017ರಲ್ಲಿ ಇಟಲಿಯ ಪ್ರೆಮಾನಾ, 2018ರಲ್ಲಿ ಅಂಡೋರಾದ ಕನಿಯೊ, ಎರಡೂ ಕಡೆ ವಿಶ್ವ ಪರ್ವತ ಓಟದ ಚಿನ್ನ ಗೆದ್ದವಳು ಕೆನ್ಯಾದ ಲೂಸಿ ವಂಬುಯಿ ಮುರಿಗಿ. ನೈರೋಬಿಯಲ್ಲೇ ಅವಳ ಹೆಸರು ಕೇಳಿದವರು ಕಡಿಮೆ. ಮ್ಯಾರಥಾನಿಗಿರುವ ದುಡ್ಡು, ಟಿವಿ ಇದಕ್ಕಿಲ್ಲ.

ಓಡುವ ಹೆಣ್ಣಿಗೆ ಗುಡ್ಡವೇ ಅಪಾಯ ಅಂದುಕೊಳ್ಳುತ್ತೇವೆ. ಆಗ್ನೆಸ್ ಟಿರೋಪ್ 2015ರ ವಿಶ್ವ ಕ್ರಾಸ್ ಕಂಟ್ರಿ ಚಾಂಪಿಯನ್. 2021ರ ಸೆಪ್ಟೆಂಬರ್‌ನಲ್ಲಿ ಮಹಿಳೆಯರು ಮಾತ್ರ ಓಡುವ ಪಂದ್ಯಗಳ 10 ಕಿ.ಮೀ. ವಿಶ್ವ ದಾಖಲೆ ಮಾಡಿದಳು. ಮುಂದಿನ ತಿಂಗಳು ಇಟೆನ್‌ನ ಮನೆಯೊಳಗೆ ಇರಿದು ಕೊಂದರು. ವಯಸ್ಸು 25. ಉಗಾಂಡಾದ ರೆಬೆಕಾ ಚೆಪ್ಟೆಗಿ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಮ್ಯಾರಥಾನ್ ಓಡಿ ಬಂದು ಒಂದು ತಿಂಗಳೊಳಗೆ, ಕೆನ್ಯಾದ ತನ್ನ ಮನೆಯ ಬಳಿ ಪೆಟ್ರೋಲ್ ಸುರಿದು ಹಚ್ಚಿದ ಬೆಂಕಿಗೆ ಬಲಿಯಾದಳು. ಬರ್ನ್ಸ್ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಆ ಸಾವು ಎಂಥದು ಅಂತ ವಿವರಿಸಬೇಕಿಲ್ಲ. ಗುಡ್ಡಕ್ಕೆ ಒಬ್ಬಳೇ ಹೋಗಬೇಡ ಅಂತ ನಮಗೆ ಹೇಳುವವರು ಬಹಳ ಜನ ಇದ್ದಾರೆ. ಮನೆಯ ಬಗ್ಗೆ ಹಾಗೆ ಯಾರೂ ಎಚ್ಚರಿಸುವುದಿಲ್ಲ.

ಹಾಗಂತ ಗುಡ್ಡಕ್ಕೆ ಒಬ್ಬರೇ ಹೋಗಿ ಅಂತಲೂ ಅಲ್ಲ. ಎನ್‌ಗಾಂಗ್ ಗುಡ್ಡದ ಸಾಲು 2,460 ಮೀಟರ್ ವರೆಗೆ ಏರುತ್ತದೆ. ಅಲ್ಲಿ ಅರಣ್ಯ ಇಲಾಖೆಯ ರೇಂಜರುಗಳು ಜೊತೆಗೆ ಬರುತ್ತಾರೆ, ಕರೆದುಕೊಳ್ಳಿ. ಗಾಳಿಯಂತ್ರಗಳ ಕಡೆಯಿಂದ ಶುರು ಮಾಡಿದರೆ ಒಂದು ಬೋಳು ಗುಡ್ಡ ಇಳಿದು ಇನ್ನೊಂದು ಹತ್ತುವುದು, ಗಾಳಿ ಮಾತ್ರ ಟೋಪಿ ಉಳಿಸುವುದಿಲ್ಲ. ಫೆಲ್ ಅಂದರೆ ಏನು ಅಂತ ತಿಳಿಯಲು ಇಂಗ್ಲೆಂಡಿಗೆ ಹೋಗಬೇಕಿಲ್ಲ.

ನಾವು ವೆಸ್ಟ್‌ಲ್ಯಾಂಡ್ಸ್‌ನವರು ಶುರು ಮಾಡಬೇಕಾದದ್ದು ಕರೂರಾ ಕಾಡಿನಲ್ಲಿ. ಮನೆಯಿಂದ ಹತ್ತಿರ, ಕೆಂಪು ಮಣ್ಣಿನ ದಾರಿ 50 ಕಿ.ಮೀ.ಗೂ ಹೆಚ್ಚಿದೆ, ಸಣ್ಣ ಸಣ್ಣ ಏರಿಳಿತ. ಈ ಕಾಡು ಇವತ್ತು ಇರುವುದೇ ಒಬ್ಬ ಹೆಂಗಸಿನ ಹಠದಿಂದ. 1998ರಲ್ಲಿ ಸಾವಿರ ಹೆಕ್ಟೇರಿನ ಈ ಮೀಸಲು ಅರಣ್ಯದ ಭಾಗಗಳನ್ನು ಬಂಗಲೆ ಕಟ್ಟಲು ಖಾಸಗಿಯವರಿಗೆ ಹಂಚಿದ್ದು ಬಯಲಾಯಿತು. ಗ್ರೀನ್ ಬೆಲ್ಟ್ ಚಳವಳಿಯ ವಂಗಾರಿ ಮಾಥಾಯ್ ಸಸಿ ಹಿಡಿದುಕೊಂಡು ಬಂದರು. 1999ರ ಜನವರಿ 8ರಂದು ಗೇಟಿನ ಬಳಿ ಒಂದು ಗಿಡ ನೆಡಲು ಹೋದಾಗ ಬಾಡಿಗೆ ಕಾವಲುಗಾರರು ಹೊಡೆದು ಅವರ ತಲೆ ಒಡೆದರು. ಅವರು ಪೊಲೀಸ್ ಠಾಣೆಗೆ ಹೋಗಿ ಕೊಟ್ಟ ದೂರಿಗೆ ತಮ್ಮದೇ ರಕ್ತದಲ್ಲಿ ಗುರುತು ಹಾಕಿದರು. ವಿದ್ಯಾರ್ಥಿಗಳು ಬೀದಿಗಿಳಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅಧ್ಯಕ್ಷ ಮೊಯ್ ಸಾರ್ವಜನಿಕ ಭೂಮಿ ಹಂಚುವುದನ್ನು ನಿಲ್ಲಿಸುವ ಘೋಷಣೆ ಮಾಡಬೇಕಾಯಿತು. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆಮೇಲೂ ಬಹಳ ವರ್ಷ ಕರೂರಾ ಅಂದರೆ ಕಳ್ಳರ ಕಾಡು ಅಂತ ಜನ ಹೆದರುತ್ತಿದ್ದರು. 2009ರ ನಂತರ ಸುತ್ತಲಿನ ಜನರ ಸಂಘ ಅರಣ್ಯ ಇಲಾಖೆ ಜೊತೆ ಸೇರಿ ಬೇಲಿ ಹಾಕಿಸಿ, ಪಕ್ಕದ ಬಡಾವಣೆಯ ಹುಡುಗರನ್ನೇ ಕಾವಲಿಗೆ ಸೇರಿಸಿಕೊಂಡ ಮೇಲೆ ಇದು ಓಡುವ ಕಾಡಾಯಿತು. ಭಾನುವಾರ ಬೆಳಿಗ್ಗೆ ಹೋದರೆ ಗುಜರಾತಿ ಅಜ್ಜಿಯರು, ಕಿಕುಯು ಹುಡುಗಿಯರು, ರಾಯಭಾರ ಕಚೇರಿಯವರು, ನಾವು, ಎಲ್ಲರೂ ಒಂದೇ ದಾರಿಯಲ್ಲಿ.

ಕರೂರಾದಲ್ಲಿ ಒಂದೂವರೆ ಗಂಟೆ ನಡಿಗೆ ಓಟ ಸೇರಿಸಿ ಸುಲಭವಾದ ಮೇಲೆ ಎನ್‌ಗಾಂಗ್, ಅದಾದ ಮೇಲೆ ಲಾಂಗೊನಾಟ್. ಲಾಂಗೊನಾಟ್ 2,776 ಮೀಟರಿನ ಅಗ್ನಿಪರ್ವತ, ಬಾಯಿಯ ಸುತ್ತ ಒಂದು ಸುತ್ತು ಸುಮಾರು 7 ಕಿ.ಮೀ. ಪುಡಿ ಬೂದಿಯಲ್ಲಿ ಕಾಲು ಜಾರುತ್ತದೆ, ಇಳಿಯುವ ಪಾಠಕ್ಕೆ ಹೇಳಿ ಮಾಡಿಸಿದ ಜಾಗ. ಮೌಂಟ್ ಕೆನ್ಯಾಕ್ಕೆ ಓಡುವ ಆಸೆ ಸದ್ಯಕ್ಕೆ ಬೇಡ. ಗಾಡಿಯಲ್ಲಿ ಬೇಗ ಮೇಲೆ ಹೋಗಿ, ಬೇಗ ಹತ್ತಿ, ಶ್ವಾಸಕೋಶಕ್ಕೆ ನೀರು ತುಂಬಿಕೊಂಡು ಇಳಿದು ಬರುವವರು ಇಲ್ಲಿ ಹೊಸಬರೇನಲ್ಲ.

ಕೇಳಿದವರಿಗೆ ಒಂದು ಮಾತು: ಎಷ್ಟು ವಾರಕ್ಕೆ ಓಡಬಹುದು ಅಂತ ನನ್ನನ್ನು ಕೇಳಬೇಡಿ. ನಿಮ್ಮ ಡ್ಯೂಟಿ ರೋಸ್ಟರ್ ನೋಡಿ ವಾರಕ್ಕೆ ಮೂರು ದಿನ ಸಿಗುತ್ತಾ ಹೇಳಿ, ಆಮೇಲೆ ಮಾತಾಡೋಣ. ಮಂಡಿ ನೋವಿನ ಬಗ್ಗೆ ಕೇಳಿದ ಮೂವರಿಗೆ ಇನ್‌ಬಾಕ್ಸ್‌ನಲ್ಲೇ ಉತ್ತರಿಸಿದ್ದೇನೆ.

ಮುಂದಿನ ಪತ್ರದಲ್ಲಿ, 1943ರಲ್ಲಿ ನನ್ಯೂಕಿಯ ಸೆರೆಶಿಬಿರದಿಂದ ತಪ್ಪಿಸಿಕೊಂಡು ಮೌಂಟ್ ಕೆನ್ಯಾ ಹತ್ತಿ, ಬಾವುಟ ನೆಟ್ಟು, ಮತ್ತೆ ತಾವೇ ಸೆರೆಗೆ ವಾಪಸ್ ಬಂದ ಇಟಲಿಯವರ ಕಥೆ. ಅವರಲ್ಲಿ ಒಬ್ಬ ಡಾಕ್ಟರ್ ಬೇರೆ ಇದ್ದ.